ಬಿಸಿಯೂಟದ ಪಾತ್ರೆಯೂ ಚನ್ನಪಟ್ಟಣದ ಅರಗೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಊಟದಲ್ಲಿ ರಾಗಿಮುದ್ದೆಗೆ ಮೊದಲ ಸ್ಥಾನ. ಮುದ್ದೆಯ ಸೊಗಸು ಅದರ ಬಿಸಿಯಲ್ಲಿದೆ. ಆರಿದರೆ ಅದರೊಳಗಿನ ಪಿಷ್ಟ ಬಿಗಿದುಕೊಂಡು ಮುದ್ದೆ ಗಡುಸಾಗುತ್ತದೆ. ಇದೇ ಸೀಮೆಯ ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು, ಬಣ್ಣದ ಅರಗು ಹಚ್ಚಿ ಆಟಿಕೆಗಳನ್ನು ಮಾಡುವ ಕಸುಬು ಬಾಳಿಬಂದಿದೆ. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಪೈಪೋಟಿಯನ್ನು ಎದುರಿಸುತ್ತಿರುವ ಈ ಕೈಗಳು ಬಿಸಿಯೂಟದ ಪಾತ್ರೆಗಳನ್ನೂ ರೂಪಿಸಬಲ್ಲವೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ಬಡಿಸಿದ ಆಹಾರದ ಶಾಖ ಮೊದಲು ತಟ್ಟೆಗೆ ಹರಿಯುತ್ತದೆ. 80 ಡಿಗ್ರಿ ಸೆಲ್ಸಿಯಸ್ ಬಿಸಿಯ 250 ಗ್ರಾಂ ಮುದ್ದೆಯನ್ನು 25 ಡಿಗ್ರಿಯಲ್ಲಿರುವ 300 ಗ್ರಾಂ ತೂಕದ ಉಕ್ಕಿನ ತಟ್ಟೆಯಲ್ಲಿಟ್ಟೆವೆನ್ನೋಣ. ಎರಡೂ ಸಮೋಷ್ಣವಾಗುವಷ್ಟರಲ್ಲಿ ತಟ್ಟೆಯೊಂದೇ ಮುದ್ದೆಯ ಬಿಸಿಯನ್ನು ಸುಮಾರು 8 ಡಿಗ್ರಿ ಇಳಿಸುತ್ತದೆಂದು ಗಣಿತದಿಂದ ತಿಳಿಯುತ್ತದೆ. ಭಾರವಾದ ತಟ್ಟೆಯಾದರೆ ನಷ್ಟ ಇನ್ನೂ ಹೆಚ್ಚು. ಆದುದರಿಂದ ಅಂಥದನ್ನು ಬಿಸಿನೀರಿನಲ್ಲಿ ತೊಳೆದು ಬಡಿಸುವುದು ಲೇಸು. ಮುದ್ದೆಯ ಉರುಟು ಆಕಾರವೂ ಅರ್ಥವಿಲ್ಲದ್ದಲ್ಲ: ಒಂದೇ ಗಾತ್ರದ ಆಕೃತಿಗಳಲ್ಲಿ ಗೋಳದ ಮೇಲ್ಮೈಯೇ ಅತ್ಯಲ್ಪ.

ಸಾರಿನ ವಿಷಯ ಬೇರೆ. ತೆರೆದ ಬಟ್ಟಲಿನಲ್ಲಿ ಶಾಖವನ್ನು ಒಯ್ಯುವ ಮುಖ್ಯ ವಾಹನ ಆವಿ. 250 ಗ್ರಾಂ ಬಿಸಿಸಾರಿನಿಂದ 5 ಗ್ರಾಂ ನೀರು ಆವಿಯಾಗಿ ಹೋದರೆ, ಅಷ್ಟರಿಂದಲೇ ಸಾರು ಸುಮಾರು 11 ಡಿಗ್ರಿ ತಣಿಯಬಲ್ಲದು. ಗೋಡೆಯನ್ನು ದಪ್ಪವಾಗಿಸುವ ಮುನ್ನ ಮುಚ್ಚಳವನ್ನು ಯೋಚಿಸಬೇಕೆಂಬುದು ಇದರಿಂದ ಸ್ಪಷ್ಟ.

ಇನ್ನು ಗೋಡೆಯ ವಿಚಾರ. ಮೀಟರಿಗೆ, ಡಿಗ್ರಿಗೆ ಇಷ್ಟು ವಾಟ್ ಎಂದು ಅಳೆದರೆ ಉಷ್ಣವಾಹಕತೆ ಹಿತ್ತಾಳೆಯಲ್ಲಿ ಸುಮಾರು 110, ಸ್ಟೇನ್‌ಲೆಸ್ ಉಕ್ಕಿನಲ್ಲಿ ಸುಮಾರು 15, ಒಣಮರದಲ್ಲಿ 0.1ರಿಂದ 0.2, ನಿಶ್ಚಲವಾದ ಗಾಳಿಯಲ್ಲಿ 0.026. ಕೈ ಸುಡದಂತೆ ಕಾಯಲು ಮರ ಉತ್ತಮ. ಮರದ ಹಿಂದೆ ತೆಳುವಾದ ಗಾಳಿಯ ಪದರವಿದ್ದರೆ ಅತ್ಯುತ್ತಮ.

ತೊಡಕು ಇರುವುದು ಅರಗಿನಲ್ಲಿ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅದು ಮೆದುವಾಗಿ ಹರಡಿಕೊಳ್ಳುತ್ತದೆ. ಹಚ್ಚಲು ನೆರವಾದ ಗುಣವೇ ಊಟದಲ್ಲಿ ದೋಷವಾಗುತ್ತದೆ: ಅರಗು ಸುಮಾರು 75ರಿಂದ 80 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕೆ ಮುಂಚೆಯೇ ಮೆದುವಾಗುತ್ತದೆ. ಒಲೆಯಿಂದ ಇಳಿದ ಮುದ್ದೆ ಇದಕ್ಕಿಂತ ಬಿಸಿಯಾಗಿರಬಹುದು. ಅಲ್ಲದೆ ಅರಗು ಕ್ಷಾರದಲ್ಲಿ ಕರಗುವ ವಸ್ತು. ಬೂದಿಯಿಂದ ಪಾತ್ರೆ ತಿಕ್ಕುವ ಮನೆಯಲ್ಲಿ ಅದರ ಹೊಳಪು ಬಹುಕಾಲ ನಿಲ್ಲದು. ಬಟ್ಟಲಿನ ಒಳಮೈಗೆ ಅರಗು ಹಚ್ಚಿ ಮಾರಿದರೆ ಕೊಂಡವನಿಗೂ ಕುಶಲಿಗೂ ನಷ್ಟವೇ.

ಆದುದರಿಂದ ನಾವು ಸೂಚಿಸುವ ವಿನ್ಯಾಸ ಹೀಗಿದೆ. ಒಳಗೆ ತೆಳುವಾದ ಸ್ಟೇನ್‌ಲೆಸ್ ಉಕ್ಕಿನ ಬಟ್ಟಲು. ಹೊರಗೆ ಕಡೆದ ಹಾಲೆಮರದ ಕವಚ. ನಡುವೆ ಸುಮಾರು 5 ಮಿಲಿಮೀಟರ್ ಗಾಳಿ. ಎರಡೂ ಅಂಚಿನಲ್ಲಿ ಮಾತ್ರ ತಾಗಬೇಕು. ಅರಗು ಕವಚದ ಹೊರಮೈಗೆ ಮಾತ್ರ. ಮರದ ಮುಚ್ಚಳದ ಒಳಮೈಗೆ ಉಕ್ಕಿನ ತಗಡಿದ್ದರೆ ಆವಿ ತಾಗಿ ಮರ ಉಬ್ಬದು. ಬಟ್ಟಲನ್ನು ಹೊರತೆಗೆದು ಬೇರೆಯಾಗಿ ತೊಳೆಯುವಂತಿರಬೇಕು.

ಇದನ್ನು ಒರೆಹಚ್ಚಲು ದೊಡ್ಡ ಪ್ರಯೋಗಾಲಯ ಬೇಡ. ಉಕ್ಕಿನ ತೆರೆದ ಬಟ್ಟಲು, ಮುಚ್ಚಿದ ಬಟ್ಟಲು, ಕವಚ ಮುಚ್ಚಳಗಳೆರಡೂ ಇರುವ ಬಟ್ಟಲು, ಈ ಮೂರರಲ್ಲಿ ಸಮನಾಗಿ ಬಿಸಿನೀರು ತುಂಬಿ, 5 ನಿಮಿಷಕ್ಕೊಮ್ಮೆ ಉಷ್ಣಮಾಪಕದಿಂದ ಅಳೆದರೆ ಸಾಕು. ಕವಚದ ಹೊರಮೈ 50 ಡಿಗ್ರಿ ಮೀರದಿದ್ದರೆ ಅರಗು ಕ್ಷೇಮ. ಈ ಅಳತೆಗಳನ್ನು ಕಾಲೇಜು ವಿದ್ಯಾರ್ಥಿಗಳು ಚನ್ನಪಟ್ಟಣದ ಕುಶಲಿಗಳ ಮುಂದಿಟ್ಟರೆ ಭೌತಶಾಸ್ತ್ರದ ಪಾಠವೊಂದು ಕಸುಬಿಗೆ ನೆರವಾದಂತಾಗುವುದು.