ಅಪರೂಪದ ಕಾರು: ಓಡಿಸುವುದೋ, ಮುಚ್ಚಿಡುವುದೋ?

ಬೆಂಗಳೂರಿನ ಸ್ಯಾನ್ ಮೋಟಾರ್ಸ್ 1998ರಲ್ಲಿ ಹೊರತಂದ ‘ಸ್ಯಾನ್ ಸ್ಟಾರ್ಮ್’, ಎರಡು ಆಸನಗಳ, ಫೈಬರ್ ಮೈಯ, ರೆನೋ ಎಂಜಿನ್ನಿನ ಸ್ಪೋರ್ಟ್ಸ್ ಕಾರು, ಇಂದು ಅಪರೂಪ. ಮುಂಡಗೋಡ ಕಡೆಯ ವರ್ತಕರೊಬ್ಬರ ಬಳಿ ಅಂಥದೊಂದು ಇದ್ದರೆ, ಓಡಿದಷ್ಟೂ ಮರುಮಾರಾಟದ ಬೆಲೆ ಇಳಿಯುವುದೆಂದು ಶೆಡ್ಡಿನಲ್ಲಿ ಮುಚ್ಚಿಡಲು ಮನಸ್ಸಾಗುವುದು ಸಹಜ.

ತೆರಿಗೆಯ ಲೆಕ್ಕ ಬೇರೆ. ಸ್ವಂತ ಬಳಕೆಯ ಕಾರು ಬಂಡವಾಳ ಆಸ್ತಿಯಲ್ಲ. ಮಾರಿದ ಲಾಭಕ್ಕೆ ಆದಾಯ ತೆರಿಗೆಯಿಲ್ಲ. ಒಮ್ಮೆಯೂ ಓಡಿಸದೆ ಹೂಡಿಕೆಯಾಗಿಯೇ ಇರಿಸಿದರೆ ಆ ವಾದ ಸಡಿಲವಾಗುತ್ತದೆ. ವ್ಯವಹಾರದ ಲೆಕ್ಕಕ್ಕೆ ಸೇರಿಸಿ ಸವಕಳಿ ಪಡೆದಿದ್ದರಂತೂ ಮಾರಿದ ಹಣವನ್ನು ಆಸ್ತಿ ಸಮೂಹದ ಮೌಲ್ಯದಿಂದ ಕಳೆಯಲೇಬೇಕು, ಮಿಕ್ಕಿದ್ದಕ್ಕೆ ತೆರಿಗೆಯುಂಟು.

ಐವತ್ತು ವರ್ಷ ದಾಟಿದ ಕಾರಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಪಡೆದವರು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನದಂತಹ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು. ಟಿಬೆಟನ್ ಕಾಲೊನಿಯವರೆಗಿನ ಭಾನುವಾರದ ವಿಹಾರ ಅದರಲ್ಲಿ ಸೇರದು.