ಫ್ಲ್ಯಾಶ್: ಕ್ಯಾಮೆರಾದ ಒಳಗಿನದು, ಹೊರಗಿನದು

ಡಿಜಿಟಲ್ ಕ್ಯಾಮೆರಾದಲ್ಲಿಯೇ ಅಡಕವಾಗಿರುವ ಫ್ಲ್ಯಾಶ್ ಚಿಕ್ಕದಾಗಿದ್ದು ಲೆನ್ಸಿಗೆ ತೀರ ಹತ್ತಿರವಿರುವುದರಿಂದ, ಅದರ ಬೆಳಕು ನೇರವಾಗಿ ಮುಖಕ್ಕೆ ಬಡಿದು, ಹಣೆ ಮೂಗುಗಳನ್ನು ಮಿರುಗಿಸಿ, ಹಿಂದಿನ ಗೋಡೆಯ ಮೇಲೆ ಗಡುಸಾದ ನೆರಳನ್ನು ಮೂಡಿಸುತ್ತದೆ. ಅದೇ ಬೆಳಕು ಕಣ್ಣಿನ ಹಿಂಬದಿಯ ರಕ್ತನಾಳಗಳಿಂದ ಪ್ರತಿಫಲಿಸಿ ಲೆನ್ಸಿಗೆ ಮರಳಿದಾಗ ಪಾಪೆಗಳು ಕೆಂಪಾಗಿ ಕಾಣುತ್ತವೆ.

ಫ್ಲ್ಯಾಶಿನ ಸಾಮರ್ಥ್ಯವನ್ನು ಸೂಚಿಸುವ ಅಂಕಿಯೇ ‘ಗೈಡ್ ನಂಬರ್’. ಅದನ್ನು ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯ ಅಳತೆಯಾದ ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಸಾಲುವ ದೂರ ದೊರೆಯುತ್ತದೆ. ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವಾದ ಐಎಸ್‌ಒ 100 ಇದ್ದಾಗ, 12 ಮೀಟರ್ ಗೈಡ್ ನಂಬರ್ ಇರುವ ಫ್ಲ್ಯಾಶ್ ಎಫ್/4ರಲ್ಲಿ 3 ಮೀಟರಿಗಷ್ಟೇ ಸಾಲುತ್ತದೆ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕಿಳಿಯುವುದರಿಂದ, ಕಲ್ಯಾಣಮಂಟಪದ ಹಿಂದಿನ ಸಾಲಿನಿಂದ ಚಿತ್ರ ತೆಗೆದರೆ ವಧೂವರರು ಕತ್ತಲಲ್ಲಿ ಉಳಿದು, ಮುಂದೆ ಕುಳಿತವರ ತಲೆಗಳು ಮಾತ್ರ ಬೆಳಗುತ್ತವೆ.

ಕ್ಯಾಮೆರಾದ ನೆತ್ತಿಯ ಮೇಲಿನ ‘ಹಾಟ್ ಶೂ’ ಎಂಬ ಲೋಹದ ತೋಡಿಗೆ ಸಿಕ್ಕಿಸುವ ಹೊರ ಫ್ಲ್ಯಾಶಿನ ತಲೆಯನ್ನು ಬಿಳಿ ಚಾವಣಿಯತ್ತ ತಿರುಗಿಸಿದರೆ, ಚಾವಣಿಯೇ ದೊಡ್ಡ ದೀಪದಂತಾಗಿ ನೆರಳು ಮೆತ್ತಗಾಗುತ್ತದೆ. ಚಾವಣಿ ಹಸಿರಾಗಿದ್ದರೆ ಮುಖಕ್ಕೂ ಹಸಿರು ಛಾಯೆ ತಗಲುತ್ತದೆ. ಹಾಗೆಂದು ಒಳಗಿನ ಫ್ಲ್ಯಾಶ್ ನಿರುಪಯುಕ್ತವಲ್ಲ: ನಡುಹಗಲ ಬಿಸಿಲಿನಲ್ಲಿ ಹತ್ತಿರ ನಿಂತವರ ಟೋಪಿಯಡಿ ಕವಿದ ನೆರಳನ್ನು ತಿಳಿಗೊಳಿಸಲು ಅದು ಸಾಕು.