ಓದುಗರಿಗಿಂತ ಮೊದಲು ಓದುವವರು

2014ರ ಮೇ 29ರ ‘ನೇಚರ್’ ಸಂಚಿಕೆಯಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನ ವಿಳಾಸ ಹೊತ್ತ ಪ್ರಬಂಧವೊಂದು ಪ್ರಕಟವಾಯಿತು. ಎಲ್ಲರೂ ಐಟಿಪಿಎಲ್ ಎಂದೇ ಕರೆಯುವ ಟೆಕ್ ಪಾರ್ಕಿನಲ್ಲಿ, ಸಾಫ್ಟ್‌ವೇರ್ ಕಂಪನಿಗಳ ನಡುವೆ, ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಎಂಬ ಸಂಶೋಧನಾ ಸಂಸ್ಥೆಯಿದೆ. ಅಖಿಲೇಶ್ ಪಾಂಡೆ 2002ರಲ್ಲಿ ಕಟ್ಟಿದ ಸಂಸ್ಥೆ ಅದು. ಅಲ್ಲಿನವರೂ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರೂ ಕೂಡಿ ಮನುಷ್ಯ ದೇಹದ ಪ್ರೋಟೀನುಗಳ ಕರಡು ನಕ್ಷೆ ತಯಾರಿಸಿದ್ದರು. ಯಕೃತ್ತು, ಮೂತ್ರಪಿಂಡ, ರೆಟಿನಾ, ಭ್ರೂಣದ ಮೆದುಳು, ರಕ್ತಕಣಗಳು ಹೀಗೆ ಆರೋಗ್ಯವಂತ ಅಂಗಾಂಶ ಮತ್ತು ಜೀವಕೋಶಗಳ 30 ಮಾದರಿಗಳನ್ನು ಶೋಧಿಸಿ 17,294 ಜೀನುಗಳ ಪ್ರೋಟೀನುಗಳನ್ನು ಗುರುತಿಸಿದ್ದೇವೆ ಎಂದರು. ಪ್ರೋಟೀನ್ ತಯಾರಿಸುತ್ತವೆಂದು ಆಗ ಗೊತ್ತಿದ್ದ ಜೀನುಗಳಲ್ಲಿ ಇದು ಸುಮಾರು ಶೇ. 84. ಅದೇ ಸಂಚಿಕೆಯಲ್ಲಿ ಜರ್ಮನಿಯ ಮ್ಯೂನಿಕ್‌ನ ತಂಡದ ಇಂಥದೇ ಪ್ರಬಂಧವೂ ಇತ್ತು.

ಇಂಥ ಪ್ರಬಂಧ ಅಚ್ಚಿಗೆ ಹೋಗುವ ಮೊದಲು ಹಾದುಬರುವ ಪರೀಕ್ಷೆಗೆ ಪೀರ್ ರಿವ್ಯೂ ಎನ್ನುತ್ತಾರೆ. ಅದೇ ವಿಷಯದಲ್ಲಿ ಕೆಲಸ ಮಾಡುವ ಬೇರೆ ವಿಜ್ಞಾನಿಗಳು ಓದಿ ಅಭಿಪ್ರಾಯ ಕೊಡುವ ಕ್ರಮ ಅದು.

ಪ್ರಬಂಧ ಮೊದಲು ಬಂದು ಬೀಳುವುದು ಸಂಪಾದಕರ ಮುಂದೆ. ‘ನೇಚರ್’ನಲ್ಲಿ ಅದೇ ಪೂರ್ಣಾವಧಿ ಉದ್ಯೋಗವಾಗಿರುವ ಸಂಪಾದಕರಿದ್ದಾರೆ. ನಮ್ಮ ಬೆಂಗಳೂರಿನಿಂದ 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ನಲ್ಲಿ, ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗಳಲ್ಲಿ, ಈ ಹೊಣೆ ಹೊತ್ತವರು ಬಹುಮಟ್ಟಿಗೆ ತಮ್ಮ ಪಾಠ, ಪ್ರಯೋಗಾಲಯ ನೋಡಿಕೊಂಡೇ ಇದನ್ನೂ ಮಾಡುವ ವಿಜ್ಞಾನಿಗಳು. ಪತ್ರಿಕೆಗೆ ಹೊಂದದ ಪ್ರಬಂಧ ಅಲ್ಲಿಂದಲೇ ವಾಪಸ್. ‘ನೇಚರ್’ಗೆ ಬರುವ ಹತ್ತರಲ್ಲಿ ಒಂದು ಕೂಡ ಕೊನೆಗೆ ಪ್ರಕಟವಾಗುವುದಿಲ್ಲ.

ಉಳಿದದ್ದಕ್ಕೆ ಸಾಮಾನ್ಯವಾಗಿ ಇಬ್ಬರು ಮೂವರು ರಿವ್ಯೂವರ್‌ಗಳನ್ನು ಹುಡುಕಬೇಕು. ಇದು ಸುಲಭದ ಕೆಲಸವಲ್ಲ. ವಿಷಯ ಚೆನ್ನಾಗಿ ಬಲ್ಲವರು ಎಂದರೆ ಎಷ್ಟೋ ಸಲ ಅದೇ ವಿಷಯದಲ್ಲಿ ಪೈಪೋಟಿ ನಡೆಸುತ್ತಿರುವವರೇ. ಲೇಖಕರ ಜೊತೆ ಇತ್ತೀಚೆಗೆ ಕೆಲಸ ಮಾಡಿದವರನ್ನು ಬಿಡಬೇಕು. ಇಂಥವರಿಗೆ ಕಳಿಸಬೇಡಿ ಎಂದು ಲೇಖಕರೇ ಕೇಳಿಕೊಳ್ಳುವುದೂ ಉಂಟು. ಒಪ್ಪಿಕೊಂಡವರಿಗೆ ಸಾಮಾನ್ಯವಾಗಿ ಸಂಭಾವನೆ ಇರುವುದಿಲ್ಲ, ಹೆಸರೂ ಹೊರಬರುವುದಿಲ್ಲ. ಸ್ವಂತ ಕೆಲಸ ಬದಿಗಿಟ್ಟು ಇನ್ನೊಬ್ಬರ ನಲವತ್ತು ಪುಟವನ್ನು, ಅದರ ಜೊತೆಗಿನ ಕೋಷ್ಟಕಗಳನ್ನು ಕೂತು ಓದುವ ಈ ಜನರ ಶ್ರಮಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲವೆಂದೇ ನನ್ನ ಭಾವನೆ.

ಅವರ ಟಿಪ್ಪಣಿಗಳು ಬಂದಮೇಲೆ ಸಂಪಾದಕರ ಪತ್ರ ಲೇಖಕರ ಕೈಸೇರುತ್ತದೆ. ಇದ್ದಹಾಗೇ ಸ್ವೀಕರಿಸಿದ್ದೇವೆ ಎನ್ನುವ ಪತ್ರ ಅಪರೂಪ. ತಿದ್ದಿ ತನ್ನಿ ಎಂದಿದ್ದರೆ ಅದೇ ಒಳ್ಳೆಯ ಸುದ್ದಿ. ಆಮೇಲೆ ಲೇಖಕರು ಉತ್ತರ ಪತ್ರ ಬರೆಯುತ್ತಾರೆ: ರಿವ್ಯೂವರ್ ಹೇಳಿದ ಒಂದೊಂದು ಮಾತನ್ನೂ ಇದ್ದಂತೆ ಎತ್ತಿ ಬರೆದು, ಅದರ ಕೆಳಗೆ ತಮ್ಮ ಉತ್ತರ, ಎಷ್ಟನೇ ಸಾಲಿನಲ್ಲಿ ಏನು ಬದಲಾಯಿಸಿದೆವು, ಯಾವುದನ್ನು ಏಕೆ ಒಪ್ಪುವುದಿಲ್ಲ ಎಂಬುದು. ಎಷ್ಟೋ ಸಲ ಈ ಪತ್ರ ಪ್ರಬಂಧಕ್ಕಿಂತ ಉದ್ದವಾಗುತ್ತದೆ. ವಿಜ್ಞಾನದ ನಿಜವಾದ ವಾದವಿವಾದ ನಡೆಯುವುದು ಇಲ್ಲೇ, ಆದರೆ ಓದುಗರ ಕಣ್ಣಿಗೆ ಅದು ಹೆಚ್ಚಾಗಿ ಬೀಳುತ್ತಿರಲಿಲ್ಲ. ‘ನೇಚರ್’ ತನಗೆ ಹೊಸದಾಗಿ ಬರುವ ಸಂಶೋಧನಾ ಪ್ರಬಂಧಗಳು ಪ್ರಕಟವಾದಾಗ ಅವುಗಳ ಜೊತೆ ಈ ಟಿಪ್ಪಣಿ, ಉತ್ತರಗಳನ್ನೂ ಪ್ರಕಟಿಸುವುದನ್ನು ನಿಯಮ ಮಾಡಿದ್ದು 2025ರ ಜೂನ್‌ನಲ್ಲಿ. ಹೊರಗಿನವರ ಪರಿಶೀಲನೆ ಆ ಪತ್ರಿಕೆಯಲ್ಲಿ ಕಡ್ಡಾಯವಾದದ್ದೇ 1973ರಲ್ಲಿ. ಡಿಎನ್‌ಎ ರಚನೆ ಕುರಿತು ವಾಟ್ಸನ್ ಮತ್ತು ಕ್ರಿಕ್ ಬರೆದ 1953ರ ಪ್ರಬಂಧ ಯಾವ ರಿವ್ಯೂವರ್‌ಗೂ ಹೋಗಿರಲಿಲ್ಲ.

ರಿವ್ಯೂ ಎಂದರೆ ವೈಟ್‌ಫೀಲ್ಡಿನವರಿಗೆ ತಟ್ಟನೆ ನೆನಪಾಗುವುದು ಕೋಡ್ ರಿವ್ಯೂ. ಸಹೋದ್ಯೋಗಿ ಬರೆದ ಕೋಡನ್ನು ಇಳಿಸಿಕೊಂಡು, ಓಡಿಸಿ, ಟೆಸ್ಟ್ ಪಾಸಾಗುತ್ತದೆಯೇ ಎಂದು ಅಲ್ಲಿ ನೋಡಬಹುದು. ಪ್ರಬಂಧದ ರಿವ್ಯೂವರ್‌ಗೆ ಆ ಅವಕಾಶ ಇಲ್ಲ. ಪ್ರೋಟೀನ್ ನಕ್ಷೆಯ 30 ಮಾದರಿಗಳನ್ನು ಅವರು ಮತ್ತೆ ತರಿಸಿಕೊಳ್ಳಲಾರರು, ತಿಂಗಳುಗಟ್ಟಲೆ ಯಂತ್ರ ಓಡಿಸಲಾರರು. ವಿಧಾನ ಸರಿಯೇ, ಈ ಪುರಾವೆಯಿಂದ ಈ ತೀರ್ಮಾನಕ್ಕೆ ಬರಬಹುದೇ, ಹೇಳಬೇಕಾದದ್ದನ್ನು ಬಿಟ್ಟಿದ್ದಾರೆಯೇ ಎಂದು ಓದಿ ತೂಗಿ ನೋಡುವುದಷ್ಟೇ ಅವರ ಪಾಲಿನದು. ‘ಪೀರ್ ರಿವ್ಯೂ ಆಗಿದೆ’ ಎಂದೊಡನೆ ಫಲಿತಾಂಶ ಸಾಬೀತಾಯಿತು ಎಂದು ನಂಬುವುದು ತಪ್ಪಾಗುವುದು ಈ ಕಾರಣಕ್ಕೆ.

ಪ್ರೋಟೀನ್ ನಕ್ಷೆಯ ವಿಷಯದಲ್ಲಿ ಆದದ್ದನ್ನು ನೋಡಿ. ಪ್ರೋಟೀನುಗಳನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ಪೆಪ್ಟೈಡ್ ಎಂಬ ಚಿಕ್ಕ ತುಂಡುಗಳಾಗಿ ಕತ್ತರಿಸಿ ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕುತ್ತಾರೆ. ಯಂತ್ರ ಕೊಡುವ ಗೆರೆಗಳ ಗುರುತನ್ನು ಕಂಪ್ಯೂಟರು ದತ್ತಸಂಚಯದಲ್ಲಿನ ಸರಣಿಗಳಿಗೆ ಹೋಲಿಸಿ, ಇದು ಇಂಥ ಪ್ರೋಟೀನಿನ ತುಂಡು ಎಂದು ಹೆಸರಿಡುತ್ತದೆ. ಕೆಲವು ಹೋಲಿಕೆ ಆಕಸ್ಮಿಕವಾಗಿ ಕೂಡಿಬಂದಿರುತ್ತವೆ. ನೂರಕ್ಕೆ ಒಂದು ತಪ್ಪನ್ನು ಸಹಿಸಿಕೊಳ್ಳುವುದು ರೂಢಿ. ಆದರೆ ಆ ಒಂದು ಎಲ್ಲಿ ಹೋಗಿ ಕೂರುತ್ತದೆ ಎನ್ನುವುದು ಮುಖ್ಯ. ಲೆಕ್ಕಕ್ಕೆಂದು ಒಂದು ಲಕ್ಷ ಹೋಲಿಕೆ ಎಂದಿಟ್ಟುಕೊಳ್ಳೋಣ. ಸರಿಯಾದ 99,000 ಹೋಲಿಕೆಗಳು ನಿಜವಾಗಿ ಇರುವ 10,000 ಪ್ರೋಟೀನುಗಳ ಮೇಲೆ ಗುಂಪುಗುಂಪಾಗಿ ಬೀಳುತ್ತವೆ. ತಪ್ಪಾದ 1,000 ಮಾತ್ರ ಎಲ್ಲೆಂದರಲ್ಲಿ ಚದುರುತ್ತವೆ. ಅವುಗಳಲ್ಲಿ ಅರ್ಧ ಇಲ್ಲದ ಪ್ರೋಟೀನುಗಳ ಮೇಲೆ ಒಂದೊಂದಾಗಿ ಬಿದ್ದರೂ ಪಟ್ಟಿಗೆ 500 ಸುಳ್ಳು ಹೆಸರು ಸೇರಿದವು. ತುಂಡುಗಳ ಮಟ್ಟದಲ್ಲಿ ಶೇ. 1 ಇದ್ದ ತಪ್ಪು ಪ್ರೋಟೀನುಗಳ ಪಟ್ಟಿಯಲ್ಲಿ ಶೇ. 5ರ ಹತ್ತಿರಕ್ಕೆ ಬಂತು. ಮಾದರಿಗಳನ್ನು ಸೇರಿಸುತ್ತ ಹೋದಂತೆ ನಿಜ ಹೆಸರುಗಳು ಮರುಕಳಿಸುತ್ತವೆ, ಸುಳ್ಳು ಹೆಸರುಗಳು ಹೊಸಹೊಸದಾಗಿ ಕೂಡುತ್ತವೆ.

ಇದನ್ನು ಎತ್ತಿ ಹೇಳಿದವರಲ್ಲಿ ಸ್ಪೇನಿನ ವಿಜ್ಞಾನಿಗಳ ಗುಂಪೊಂದು ಮುಖ್ಯ. ಅದೇ 2014ರಲ್ಲಿ ‘ಜರ್ನಲ್ ಆಫ್ ಪ್ರೋಟಿಯೋಮ್ ರಿಸರ್ಚ್’ನಲ್ಲಿ ಅವರ ಚಿಕ್ಕ ಲೇಖನ ಬಂತು. ಅವರು ಹಿಡಿದ ಎಳೆ ಸರಳವಾಗಿತ್ತು. ವಾಸನೆ ಗ್ರಹಿಸುವ ಪ್ರೋಟೀನುಗಳಿಗೆ ಮನುಷ್ಯರಲ್ಲಿ ಸುಮಾರು 400 ಜೀನುಗಳಿವೆ. ಅವುಗಳ ಮುಖ್ಯ ನೆಲೆ ಮೂಗಿನ ಒಳಪದರ. ಬೆಂಗಳೂರು ತಂಡದ 30 ಮಾದರಿಗಳಲ್ಲಿ ಮೂಗಿನ ಅಂಗಾಂಶವೇ ಇರಲಿಲ್ಲ. ಆದರೂ ಆ ಜಾತಿಯ ಪ್ರೋಟೀನುಗಳು ಪಟ್ಟಿಯಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದವು. ಹಾಗಿದ್ದಮೇಲೆ ಉಳಿದ ಹೆಸರುಗಳನ್ನೂ ಜಾಗ್ರತೆಯಿಂದ ನೋಡಬೇಕು ಎಂದು ಅವರು ವಾದಿಸಿದರು.

‘ನೇಚರ್’ನ ರಿವ್ಯೂವರ್‌ಗಳು ಮೋಸಹೋದರು ಎಂದೋ ವೈಟ್‌ಫೀಲ್ಡಿನವರ ಶ್ರಮ ವ್ಯರ್ಥವಾಯಿತು ಎಂದೋ ಇದರಿಂದ ಹೇಳಲಾಗದು. ಸ್ಪೇನಿನವರಿಗೆ ಹೀಗೆ ಕೆದಕಿ ನೋಡಲು ಸಾಧ್ಯವಾದದ್ದೇ ವೈಟ್‌ಫೀಲ್ಡಿನ ತಂಡ ತಾನು ಕಂಡದ್ದನ್ನು ಎಲ್ಲರ ಮುಂದೆ ಹರವಿದ್ದರಿಂದ. ಪಟ್ಟಿಯಷ್ಟೇ ಅಲ್ಲ, ಯಂತ್ರದಿಂದ ಬಂದ ಮೂಲ ದತ್ತಾಂಶವನ್ನೂ ಪ್ರೋಟಿಯೋಮ್‌ಎಕ್ಸ್‌ಚೇಂಜ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಇಟ್ಟಿದ್ದರು. ನನ್ನ ಮಟ್ಟಿಗೆ ಆ ಪ್ರಬಂಧದ ದೊಡ್ಡ ಗುಣ ಶೇ. 84 ಎಂಬ ಅಂಕಿಯಲ್ಲ, ಈ ಧೈರ್ಯ. ಇಬ್ಬರು ಮೂವರು ರಿವ್ಯೂವರ್‌ಗಳಿಗೆ ಕೆಲವು ವಾರಗಳಲ್ಲಿ ಆಗದ್ದನ್ನು ಜಗತ್ತಿನ ಯಾವ ಪ್ರಯೋಗಾಲಯ ಬೇಕಾದರೂ ಬಿಡುವಾಗಿ ಮಾಡಬಹುದಾಯಿತು.

2016ರಲ್ಲಿ ಅಂತರರಾಷ್ಟ್ರೀಯ ಮಾನವ ಪ್ರೋಟಿಯೋಮ್ ಯೋಜನೆ ನಿಯಮ ಬಿಗಿ ಮಾಡಿತು. ಹೊಸದಾಗಿ ಪ್ರೋಟೀನೊಂದು ಕಂಡಿದೆ ಎನ್ನಬೇಕಾದರೆ ಒಂದರೊಳಗೊಂದು ಸೇರಿರದ ಕನಿಷ್ಠ ಎರಡು ಬೇರೆ ಪೆಪ್ಟೈಡುಗಳು ಬೇಕು, ಒಂದೊಂದರಲ್ಲೂ ಒಂಬತ್ತಾದರೂ ಅಮೈನೋ ಆಮ್ಲಗಳಿರಬೇಕು. ಅದೇ ವರ್ಷ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ತಂಡವೊಂದು ವೈಟ್‌ಫೀಲ್ಡಿನ ದತ್ತಾಂಶವನ್ನೂ ಮ್ಯೂನಿಕ್ಕಿನದನ್ನೂ ಹೆಚ್ಚು ಕಟ್ಟುನಿಟ್ಟಾದ ಜರಡಿಯಲ್ಲಿ ಮತ್ತೆ ಸೋಸಿ, ಉಳಿದದ್ದನ್ನು ಆಧರಿಸಿ ಮಾನವ ಜೀನುಗಳ ಅಧಿಕೃತ ಪಟ್ಟಿಗಳಲ್ಲೊಂದನ್ನು ತಿದ್ದಲು ನೆರವಾಯಿತು.